ಸೀಟಿನ ಕೆಳಗಿನ ನೆಲ

೨೦೨೩ರಲ್ಲಿ ನಾನು ಹೊನ್ನಾವರದಲ್ಲಿ ವಾಹನಗಳ ಸೀಟು ಹೊಲಿಯುವ ಅಂಗಡಿ ನಡೆಸುತ್ತಿದ್ದೆ. ಈಗಲೂ ನಡೆಸುತ್ತಿದ್ದೇನೆ. ನಮ್ಮ ಕಡೆ ಇದಕ್ಕೆ ಕುಶನ್ ಕೆಲಸ ಎನ್ನುತ್ತಾರೆ. ರಿಕ್ಷಾ, ಟೆಂಪೊ, ಶಾಲಾ ವ್ಯಾನು, ಕಾರು, ಯಾವುದೇ ಗಾಡಿ ಬರಲಿ, ಹರಿದ ಸೀಟನ್ನು ಬಿಚ್ಚಿ, ಒಳಗಿನ ಫೋಮ್ ಬದಲಿಸಿ, ಮೇಲೆ ಹೊಸ ರೆಕ್ಸಿನ್ ಹೊಲಿದು ಬಿಗಿದು ಕೊಡುವುದು. ನಾನು ಓದಿದ್ದು ಹತ್ತನೆಯ ತರಗತಿ. ಮದುವೆಯಾಗಿ ಬಂದಾಗ ನನಗೆ ರವಿಕೆ ಹೊಲಿಯಲು ಬರುತ್ತಿತ್ತು, ಅಷ್ಟೇ. ನನ್ನ ಗಂಡ ಮೋಹನ ಮೆಕ್ಯಾನಿಕ್ ಆಗಿದ್ದರು. ಅವರ ಗ್ಯಾರೇಜಿಗೆ ಬರುವ ಗಾಡಿಗಳ ಸೀಟು ಹರಿದಿದ್ದರೆ ಕುಮಟೆಗೆ ಕಳಿಸಬೇಕಾಗುತ್ತಿತ್ತು. "ಇಷ್ಟ್ ದಪ್ಪ ಬಟ್ಟೆ ನಿನ್ ಮಷೀನಿಗೆ ಆತದ್ಯಾ ನೋಡು" ಎಂದು ಒಂದು ದಿನ ರಿಕ್ಷಾದ ಸೀಟು ತಂದು ಮನೆಯ ಜಗುಲಿಯ ಮೇಲೆ ಹಾಕಿದರು. ಮಷೀನಿನ ಸೂಜಿ ಮುರಿಯಿತು. ಮರುವಾರ ದೊಡ್ಡ ಮಷೀನು ತಂದರು. ಹಾಗೆ ಶುರುವಾದ ಕೆಲಸ ಇದು.

ಇಲ್ಲಿ ಬರೆಯುತ್ತಿರುವುದು ಒಂದೇ ಗಾಡಿಯ ವಿಷಯ. ಊರಿನವರು ಅದನ್ನು ಕುವೈತ್ ಗಾಡಿ ಎಂದು ಕರೆಯುತ್ತಿದ್ದರು.

ಅದು ಭಟ್ಕಳದ ಇಕ್ಬಾಲ್ ಸಾಹೇಬರದು. ಅವರ ತಂದೆ ಹಿಂದೆ ಕುವೈತಿನಲ್ಲಿ ದುಡಿಯುತ್ತಿದ್ದಾಗ ಕೊಂಡ ಅಮೆರಿಕದ ಕಾರು, ಹಡಗಿನಲ್ಲಿ ಮುಂಬೈಗೆ ಬಂದು ಅಲ್ಲಿಂದ ರಸ್ತೆ ಮೇಲೆ ಊರಿಗೆ ಬಂದದ್ದು. ಎರಡೇ ಬಾಗಿಲು, ಉದ್ದ ಮೂತಿ, ಎಂಟು ಸಿಲಿಂಡರಿನ ಇಂಜಿನ್, ಸ್ಟೇರಿಂಗು ಎಡಗಡೆ. ಸಾಮಾನ್ಯ ಮೈಯ ಕಾರಿಗೆ ಲಾರಿಯಷ್ಟು ಬಲದ ಇಂಜಿನ್ ಕೂರಿಸಿ ಓಡಿಸುವ ಹುಚ್ಚು ಅಮೆರಿಕದಲ್ಲಿ ಒಂದು ಕಾಲಕ್ಕೆ ಇತ್ತಂತೆ. ಅಂಥವನ್ನು ಮಸಲ್ ಕಾರ್ ಎನ್ನುತ್ತಾರೆಂದು ನನಗೆ ಹೇಳಿದ್ದು ನಮ್ಮವರೇ. ತಂದೆ ತೀರಿಕೊಂಡ ಮೇಲೆ ಆ ಕಾರು ಭಟ್ಕಳದ ಮನೆಯ ಹಿತ್ತಿಲಲ್ಲಿ ತಾಡಪಾಲಿನ ಕೆಳಗೆ ಮೂವತ್ತು ವರ್ಷಕ್ಕೂ ಹೆಚ್ಚು ನಿಂತಿತ್ತು. ಕಡಲಿನ ಗಾಳಿ ಬೀಸುವ ಜಾಗ. ನಮ್ಮ ಕಡೆ ಬಾಗಿಲಿನ ಚಿಲಕವೇ ನಾಲ್ಕು ಮಳೆಗಾಲ ತಡೆಯುವುದಿಲ್ಲ.

೨೦೨೨ರ ಬೇಸಿಗೆಯಲ್ಲಿ ಅದನ್ನು ಲಾರಿಯ ಮೇಲೆ ಹೇರಿ ತಂದು ಹೊನ್ನಾವರಕ್ಕೆ ಹತ್ತಿರದ ಕರ್ಕಿಯಲ್ಲಿ ನಮ್ಮ ಮನೆಯ ಪಕ್ಕ ಇಳಿಸಿದರು. ಹೆದ್ದಾರಿ ಅಗಲ ಮಾಡುವಾಗ ಗ್ಯಾರೇಜಿನ ಮುಂಭಾಗ ಹೋಗಿ ಅಲ್ಲಿ ಎರಡು ಬೈಕು ನಿಲ್ಲಿಸುವಷ್ಟೇ ಜಾಗ ಉಳಿದಿತ್ತು. ಹಾಗಾಗಿ ನಮ್ಮವರು ಮನೆಯ ಬಲಕ್ಕೆ ಕಂಬ ನೆಟ್ಟು, ಶೀಟು ಹೊದಿಸಿ ಒಂದು ಮಾಡು ಕಟ್ಟಿಕೊಂಡರು. ಕಾರನ್ನು ನೋಡಿ ನನ್ನ ಮುಖ ಹೇಗಾಗಿತ್ತೋ, ನಮ್ಮವರು ನಕ್ಕು, "ಎಂತ, ಸವತಿ ಬಂದಾಂಗ್ ನೋಡ್ತೆ?" ಎಂದರು. ಸೀಟಿನೊಳಗೆ ಇಲಿಗಳ ಸಂಸಾರ ಇತ್ತು. ಡಿಕ್ಕಿಯಲ್ಲಿ ಒಂದು ಹಾವಿನ ಪೊರೆ ಸಿಕ್ಕಿತು.

ಇಂಜಿನ್ ಜಾಮ್ ಆಗಿತ್ತು. ಜಾಮ್ ಎಂದರೆ ಒಳಗಿನ ಪಿಸ್ಟನ್‌ಗಳು ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿ, ಯಾವ ಕಡೆಗೂ ತಿರುಗದೆ ಇರುವುದು. ಹೊಡೆದು ಬಿಡಿಸಲು ಹೋದರೆ ಒಡೆಯುತ್ತದೆ. ನಮ್ಮವರು ಪ್ಲಗ್ ತೆಗೆದು ಒಂದೊಂದು ತೂತಿಗೂ ಡೀಸೆಲ್ ಮತ್ತು ಆಯಿಲ್ ಬೆರೆಸಿ ಹಾಕಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಸಣ್ಣಗೆ ಸ್ಪ್ಯಾನರ್ ಹಚ್ಚಿ ನೋಡುತ್ತಿದ್ದರು. ಎಷ್ಟೋ ವಾರ ಅದೇ. ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಅದು ಕೂದಲೆಳೆಯಷ್ಟು ಅಲುಗಿತು. ಆ ದಿನ ಅವರು ಚಹಾ ಕುಡಿಯಲು ಒಳಗೆ ಬರಲಿಲ್ಲ, ನಾನೇ ತೆಗೆದುಕೊಂಡು ಹೋದೆ. ಆಮೇಲೆ ಇಂಜಿನ್ ಇಳಿಸಿ ಪೂರ್ತಿ ಬಿಚ್ಚಿದರು. ಗ್ಯಾಸ್ಕೆಟ್ಟು, ವಾಟರ್ ಪಂಪು, ರಿಂಗು ಎಲ್ಲ ಮುಂಬೈಯಿಂದ ತರಿಸಿದ್ದು. ಬ್ರೇಕನ್ನೂ ಅವರೇ ಹೊಸದಾಗಿ ಕೂರಿಸಿದರು.

ಕಾರಿನ ನೆಲ ಮಾತ್ರ ಅವರ ವಿದ್ಯೆಯಲ್ಲ. ಕಾಲಿಡುವ ಜಾಗದ ತಗಡು ಅಲ್ಲಲ್ಲಿ ತೂತು ಬಿದ್ದು, ಒಳಗೆ ಕುಳಿತರೆ ಕೆಳಗಿನ ಮಣ್ಣು ಕಾಣುತ್ತಿತ್ತು. ತಗಡು ಕತ್ತರಿಸಿ ವೆಲ್ಡ್ ಮಾಡುವ ಟಿಂಕರ್ ಪಾಸ್ಕು ಆಗ ಗೋವೆಯಲ್ಲಿದ್ದ. ಆದರೆ ನಮ್ಮವರ ತಮ್ಮ ನಾಗೇಶ ಬಿಡುವಾಗಿದ್ದ. ಇವರ ಊರು ತದಡಿ, ಮನೆತನದ ಕಸುಬು ದೋಣಿ. ನಾಗೇಶ ಅಲ್ಲಿ ಬೋಟುಗಳಿಗೆ ಫೈಬರ್ ಹಾಕುತ್ತಾನೆ. ಒಡೆದ ಮರದ ಮೇಲೆ ಗಾಜಿನ ನೂಲಿನ ಮ್ಯಾಟ್ ಹಾಸಿ, ಅದಕ್ಕೆ ರೆಸಿನ್ ಎಂಬ ಅಂಟು ಬಳಿದರೆ ಗಟ್ಟಿಯಾಗಿ ಕಲ್ಲಿನ ಹಾಗೆ ಕೂರುತ್ತದೆ, ನೀರು ಒಂದು ಹನಿ ಒಳಗೆ ಬರುವುದಿಲ್ಲ. ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ಬೋಟುಗಳೆಲ್ಲ ಕಡಲಿಗಿಳಿದ ಮೇಲೆ ಅವನು ಉಳಿದ ಮ್ಯಾಟು, ರೆಸಿನ್ ಹಿಡಿದುಕೊಂಡು ಬಂದ. ಅಣ್ಣ ತಮ್ಮ ಸೇರಿ ಕಾರಿನ ನೆಲಕ್ಕೆ ಮೇಲಿಂದಲೂ ಕೆಳಗಿಂದಲೂ ಫೈಬರ್ ಹಾಕಿ, ಕಪ್ಪು ಬಣ್ಣ ಬಳಿದರು. ಬಹಳ ಚಂದ ಕಂಡಿತು. ಬಕೆಟ್ಟಿನಲ್ಲಿ ನೀರು ಹೊಯ್ದು, ಕೆಳಗೆ ಸೋರುತ್ತದೆಯೇ ಎಂದು ದೋಣಿ ನೋಡುವ ಹಾಗೆ ಇಬ್ಬರೂ ಬಗ್ಗಿ ನೋಡಿದ್ದು ನನಗೆ ನೆನಪಿದೆ. ಸೋರಲಿಲ್ಲ.

೨೦೨೩ರ ಜನವರಿಯಲ್ಲಿ ಇಂಜಿನ್ ಸ್ಟಾರ್ಟ್ ಆಯಿತು. ಸೈಲೆನ್ಸರ್ ಇನ್ನೂ ಹಾಕಿರಲಿಲ್ಲ. ಆ ಸದ್ದಿಗೆ ಆಚೆ ಮನೆಯ ದನ ಹಗ್ಗ ಕಿತ್ತುಕೊಂಡು ಓಡಿತು, ಕರ್ಕಿಯ ಅರ್ಧ ಜನ ನಮ್ಮ ಅಂಗಳಕ್ಕೆ ಬಂದರು.

"ಮೋಹನಣ್ಣ, ಇದ್ಕೆ ಪೆಟ್ರೋಲ್ ಹಾಕೂಕೆ ಕುವೈತಿಂದ ಪೈಪೇ ಎಳೀಬೇಕಲ್ಲ ಮಾರಾಯ!" ಎಂದು ಯಾರೋ ಕೂಗಿದರು.

ನಮ್ಮವರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. ಆಮೇಲೆ ಕೀಲಿ ತಿರುಗಿಸಿ ನಿಲ್ಲಿಸಿ, ಕೈ ಒರೆಸಿಕೊಂಡು "ಆತು" ಎಂದರು. ಹೆಚ್ಚು ಮಾತಾಡುವವರಲ್ಲ.

ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಎದೆ ಹಿಡಿದುಕೊಂಡು ಕುಳಿತವರು ಆಸ್ಪತ್ರೆ ಮುಟ್ಟಲಿಲ್ಲ. ಆ ವಿಷಯ ಇಷ್ಟೇ ಬರೆಯುತ್ತೇನೆ. ನಮಗೆ ಮಕ್ಕಳಿಲ್ಲ. ಕಾರ್ಯ ಎಲ್ಲ ಮುಗಿದ ಮೇಲೆ ನಾನು ಮತ್ತೆ ಅಂಗಡಿ ತೆರೆದೆ. ಅಂಗಡಿಯಲ್ಲಿ ಮಷೀನಿನ ಸದ್ದಿರುತ್ತದೆ, ಮನೆಯಲ್ಲಿ ಏನೂ ಇರಲಿಲ್ಲ. ಕಾರು ಮಾಡಿನ ಕೆಳಗೆ ಹಾಗೇ ನಿಂತಿತ್ತು. ಒಂದು ಮಳೆಗಾಲ ಹೋಯಿತು.

ಸೆಪ್ಟೆಂಬರಿನಲ್ಲಿ ಇಕ್ಬಾಲ್ ಸಾಹೇಬರು ಬಂದರು. ನಮ್ಮವರು ಹೋದ ಮೇಲೆ ಮಾತಾಡಿಸಲು ಬಂದಾಗ ಕಾರಿನ ಸುದ್ದಿ ಎತ್ತಿರಲಿಲ್ಲ, ಅದು ಅವರ ದೊಡ್ಡತನ. ಈ ಸಲ ಅಂಗಳದಲ್ಲಿ ಚಪ್ಪಲಿ ಬಿಡುತ್ತಲೇ ಹೇಳಿದರು.

"ಶಾಂತಕ್ಕ, ಡಿಸೆಂಬರ್‌ನಲ್ಲಿ ಮಗಳ ಶಾದಿ. ಅಬ್ಬಾನ ಗಾಡಿಯಲ್ಲಿ ಮದುಮಗಳು ಹೋಗ್ಬೇಕು ಅಂತ ಮನೆಯಲ್ಲಿ ಎಲ್ಲರ ಆಸೆ. ನಿಮ್ಗೆ ಈಗ ತೊಂದ್ರೆ ಕೊಡೂದಿಲ್ಲ. ಎತ್ತಿಕೊಂಡು ಹೋಗಿ ಮಂಗಳೂರಲ್ಲಿ ಬಾಕಿ ಕೆಲಸ ಮಾಡಿಸ್ತೇನೆ."

ಬಾಕಿ ಇದ್ದದ್ದು ಸೀಟು, ಕಾರ್ಪೆಟ್ಟು, ಗಾಜಿನ ರಬ್ಬರು, ಬಣ್ಣ. ನಾನು ಬಹಳ ಯೋಚಿಸಲಿಲ್ಲ. "ಸೀಟು ನನ್ನ ಕೆಲಸ. ಅದು ಮೊದಲಿಂದಲೂ ನನ್ನದೇ ಅಂತ ಮಾತಾಗಿತ್ತು. ಗಾಡಿ ಇಲ್ಲಿಂದ ಲಾರಿ ಮೇಲೆ ಹೋಗೂದು ಬ್ಯಾಡ ಸಾಹೇಬ್ರೆ. ಅದ್ರ ಕಾಲ ಮೇಲೇ ಹೋಗ್ಲಿ" ಎಂದೆ. ಅವರು ಒಪ್ಪಿದರು.

ಹಳೆಯ ಕಾರಿನ ಸೀಟು ಈಗಿನ ಹಾಗೆ ಬರೀ ಫೋಮ್ ಅಲ್ಲ. ಕೆಳಗೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ಗೋಣಿ, ಗೋಣಿಯ ಮೇಲೆ ಹತ್ತಿ. ಹತ್ತಿ ಕಪ್ಪು ಹೊಟ್ಟಾಗಿತ್ತು. ನಾನು ಹತ್ತಿಯ ಬದಲು ತೆಂಗಿನ ನಾರಿನ ಹಾಸು, ಅದರ ಮೇಲೆ ಗಟ್ಟಿ ಫೋಮ್ ಹಾಕಿದೆ. ಇಂಥ ಕೆಲಸದಲ್ಲಿ ಹಳೆಯ ಹೊದಿಕೆ ಎಷ್ಟು ಹರಿದಿದ್ದರೂ ಎಸೆಯಬಾರದು. ಹೊಲಿಗೆ ಬಿಚ್ಚಿ ಒಂದೊಂದು ತುಂಡನ್ನೂ ಚಪ್ಪಟೆ ಮಾಡಿ ಕಾಗದದ ಮೇಲೆ ಇಟ್ಟು ಗೀಟು ಹಾಕಿಕೊಂಡರೆ ಅದೇ ಅಳತೆ. ಹೀಗೆ ಮಾಡಿ ಕಪ್ಪು ರೆಕ್ಸಿನಿನಲ್ಲಿ ಹೊಲಿದೆ. ಕೈಗೆ ಕೆಲಸ ಇದ್ದಷ್ಟು ಹೊತ್ತು ಮನಸ್ಸು ತನ್ನ ಪಾಡಿಗೆ ಇರುತ್ತಿತ್ತು. ಸೀಟು ಮುಗಿಯಿತು. ಕಾರ್ಪೆಟ್ಟನ್ನೂ ಅಳತೆಗೆ ಕತ್ತರಿಸಿ ಅಂಚು ಹೊಲಿದು ಇಟ್ಟೆ.

ಇನ್ನು ಸೀಟನ್ನು ನೆಲಕ್ಕೆ ಕೂರಿಸಬೇಕು. ಪ್ರತಿ ಮುಂದಿನ ಸೀಟಿಗೆ ನಾಲ್ಕು ಬೋಲ್ಟು. ನೆಲದ ತಗಡಿಗೆ ಕೆಳಗಿಂದ ನಟ್ಟು ವೆಲ್ಡ್ ಮಾಡಿರುತ್ತಾರೆ, ನಾವು ಮೇಲಿಂದ ಬೋಲ್ಟು ತಿರುಗಿಸಿದರೆ ಸಾಕು. ಎಡಗಡೆಯ, ಎಂದರೆ ಡ್ರೈವರ್ ಸೀಟಿನ ಮೊದಲ ಬೋಲ್ಟು ಹಾಕಿದೆ. ತಿರುಗಿತು. ಬಿಗಿಯಾಗಬೇಕಾದ ಜಾಗದಲ್ಲೂ ತಿರುಗಿತು. ಇನ್ನೂ ತಿರುಗುತ್ತಲೇ ಇತ್ತು. ಸ್ಪ್ಯಾನರಿನಲ್ಲಿ ಸ್ವಲ್ಪ ಮೇಲಕ್ಕೆ ಎತ್ತಿದೆ. ಬೋಲ್ಟು, ಅದರ ಕೆಳಗಿನ ನಟ್ಟು, ನಟ್ಟಿಗೆ ಅಂಟಿದ ಕಾಸಿನಗಲದ ತಗಡು, ಎಲ್ಲ ಒಟ್ಟಿಗೆ ಕೈಗೆ ಬಂತು.

ರೆಕ್ಸಿನ್ ಕತ್ತರಿಸುವ ಚೂರಿಯಿಂದ ಆ ತೂತಿನ ಸುತ್ತ ಫೈಬರನ್ನು ಸೀಳಿ ಎತ್ತಿದೆ. ಕೆಳಗೆ ತಗಡು ಇರಲಿಲ್ಲ. ಕೆಂಪು ಅವಲಕ್ಕಿಯ ಹಾಗೆ ಪದರ ಪದರ ತುಕ್ಕು ಇತ್ತು, ಬೆರಳಿನಲ್ಲಿ ಒತ್ತಿದರೆ ಪುಡಿಯಾಯಿತು. ಮರದ ಮೇಲೆ ಹಾಕಿದ ಫೈಬರ್ ಮರವನ್ನು ಕಾಯುತ್ತದೆ. ತುಕ್ಕು ಹಿಡಿದ ಕಬ್ಬಿಣದ ಮೇಲೆ ಹಾಕಿದರೆ ತುಕ್ಕನ್ನು ಕಾಯುತ್ತದೆ. ಉಪ್ಪಿನ ತೇವ ಒಳಗೇ ಉಳಿದು ಒಂದು ಮಳೆಗಾಲದಲ್ಲಿ ಉಳಿದದ್ದನ್ನೂ ತಿಂದಿತ್ತು. ಮೇಲಿಂದ ನೋಡಿದರೆ ನೆಲ ನುಣ್ಣಗೆ, ಕಪ್ಪಗೆ, ಅವರು ಬಣ್ಣ ಬಳಿದ ದಿನದ ಹಾಗೇ ಇತ್ತು.

ನಾನು ಕಾರಿನೊಳಗೆ ನೆಲದ ಮೇಲೇ ಕುಳಿತೆ. ಆ ಹೊತ್ತಿಗೆ ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಕಾರ್ಪೆಟ್ಟು ಅಲ್ಲೇ ಸುರುಳಿ ಸುತ್ತಿ ಇಟ್ಟಿತ್ತು. ಉದ್ದ ಬೋಲ್ಟು ಹಾಕಿ, ಕೆಳಗಿಂದ ದೊಡ್ಡ ವಾಷರು ಕೊಟ್ಟು ಬಿಗಿದರೆ ಸೀಟು ಅಲುಗದ ಹಾಗೆ ಕಾಣುತ್ತಿತ್ತು. ನನ್ನ ಕಸುಬೇ ಮೇಲೆ ಚಂದದ ಹೊದಿಕೆ ಹಾಕುವುದು. ಆದರೆ ಬ್ರೇಕು ಹಾಕಿದಾಗ ಕುಳಿತವರ ಭಾರವೆಲ್ಲ ಆ ನಾಲ್ಕು ಬೋಲ್ಟಿನ ಮೇಲೆ ಬರುತ್ತದೆ. ಆ ಸೀಟಿನಲ್ಲಿ ಕೂರುವವರು ನನಗೆ ಗೊತ್ತಿರುವವರು.

ಮರುದಿನ ಪಾಸ್ಕುನನ್ನು ಕರೆಸಿದೆ. ಅವನು ಗೋವೆಯಿಂದ ಹೊನ್ನಾವರಕ್ಕೆ ವಾಪಸು ಬಂದು ವರ್ಷವಾಗಿತ್ತು. ನಮ್ಮವರಿಗೆ ಹಳೆಯ ಸ್ನೇಹಿತ, ಮಾತಿಗೆ ಮೊದಲು ತಮಾಷೆ. ಕಾರಿನ ಕೆಳಗೆ ತಲೆ ಹಾಕಿ, "ಶಾಂತಾಬಾಯಿ, ಇದು ಕಾರಾ ದೋಣಿಯಾ? ಬಲೆ ಎಲ್ಲಿ ಇಟ್ಟೀರಿ?" ಎಂದ. ನಾನು ನಗಲಿಲ್ಲ. ಎದ್ದು ಕುಳಿತು ನನ್ನ ಮುಖ ನೋಡಿದವನು ಟೋಪಿ ತೆಗೆದ.

"ಮೋಹನ ಹಾಕಿದ್ದಾ?"

"ಹೌದು. ಅವರೂ ನಾಗೇಶನೂ."

"ತೇಪೆ ಹಾಕೂಕೆ ಆಗೂದಿಲ್ಲ ಬಾಯಿ. ಎರಡೂ ಕಡೆ ಪೂರಾ ಕಡೀಬೇಕು. ಹೊಸ ತಗಡು ಹಾಕ್ಬೇಕು. ಫೈಬರ್ ಒಂದು ತುಂಡು ಉಳಿದ್ರೂ ವೆಲ್ಡಿಂಗಿಗೆ ಬೆಂಕಿ ಹಿಡೀತದೆ" ಎಂದ. ಆಮೇಲೆ ದನಿ ತಗ್ಗಿಸಿ, "ನೀವು ಬೇಡ ಅಂದ್ರೆ ನಾನು ನೋಡ್ಲೇ ಇಲ್ಲ" ಎಂದೂ ಹೇಳಿದ.

ನಾಗೇಶನಿಗೆ ಹೇಳದೆ ಕಡಿಸುವುದು ಸರಿಯಲ್ಲ. ಫೋನಿನಲ್ಲಿ ಹೇಳುವ ಮಾತೂ ಅಲ್ಲ. ಬಸ್ಸು ಹತ್ತಿ ಕುಮಟೆಗೆ, ಅಲ್ಲಿಂದ ತದಡಿಗೆ ಹೋದೆ. ಅವನು ಬೋಟು ನಿಲ್ಲುವ ದಕ್ಕೆಯ ಹತ್ತಿರ ಒಂದು ಬೋಟಿನ ಬದಿಗೆ ಮ್ಯಾಟ್ ಹಾಸುತ್ತಿದ್ದ. ಕೈಗವಸು ತೆಗೆಯದೆಯೇ ಕೇಳಿಸಿಕೊಂಡ.

"ಅಣ್ಣ ಕಡೀಗೆ ಮಾಡಿದ್ ಕೆಲಸ ಅತ್ಗೆ ಅದು."

"ಗೊತ್ತದೆ."

"ಗೊತ್ತಿದ್ದೂ ಕಡೀಸ್ತೆ? ನಾವಿಬ್ರೂ ಮೂರು ದಿನ ಮೈಯೆಲ್ಲ ತುರಿಸ್ಕಂಡಿ ಹಾಕಿದ್ದು. ಆ ಪಾಸ್ಕು ಹೇಳ್ದ ಅಂದೇಳಿ ಕಡಿಸೂದಾ? ನಾಳೆ ಹೊನ್ನಾವರ ಪ್ಯಾಟೆಲಿ ಎಂತ ಹೇಳ್ತ್ರು? ಮೋಹನಂಗೆ ಕೆಲಸ ಬರ್ತಿರ್ಲಿಲ್ಲ, ಸತ್ತಮೇಲೆ ಹೆಂಡ್ತಿ ಸರಿ ಮಾಡ್ಸ್ದ್ಲು ಅಂತ್ರು."

"ಪಾಸ್ಕು ಹೇಳಿದ್ದಲ್ಲ ನಾಗೇಶ. ನನ್ನ ಕೈಗೇ ಬೋಲ್ಟು ಕಿತ್ತು ಬಂತು."

"ನನ್ನ ಫೈಬರ್ ಹಾಕಿದ ಬೋಟು ಹತ್ತು ವರ್ಷದಿಂದ ಕಡಲಲ್ಲಿ ತಿರುಗ್ತಾ ಇವೆ. ಒಂದೂ ಮುಳುಗ್ಲಿಲ್ಲ."

"ಅದು ಮರ" ಎಂದೆ. ಅವನು ಬೆನ್ನು ತಿರುಗಿಸಿ ಕೆಲಸಕ್ಕೆ ನಿಂತ. ಪಕ್ಕದಲ್ಲಿದ್ದವರು ಕೇಳಿಸಿಕೊಳ್ಳದ ಹಾಗೆ ಬೇರೆ ಕಡೆ ನೋಡಿದರು. ಬರುವಾಗ ಅತ್ತೆಯ ಮನೆಗೂ ಹೋಗದೆ ಬಸ್ಸು ಹತ್ತಿದೆ. ಅಘನಾಶಿನಿ ನದಿ ಕಿಟಕಿಯಲ್ಲಿ ಬಹಳ ಹೊತ್ತು ಕಾಣುತ್ತಿತ್ತು. ನಮ್ಮವರು ಬದುಕಿದ್ದರೆ ಈ ಮಾತು ಅವರ ಬಾಯಿಂದಲೇ ತಮ್ಮನಿಗೆ ಹೋಗುತ್ತಿತ್ತು, ನಾನು ಒಲೆಯ ಮುಂದೆ ಕುಳಿತು ಕೇಳುತ್ತಿದ್ದೆ ಎಂದು ಅನಿಸಿತು.

ಇಕ್ಬಾಲ್ ಸಾಹೇಬರಿಗೆ ಹೇಳುವುದು ಸುಲಭ ಎಂದುಕೊಂಡಿದ್ದೆ. ಅದೂ ಸುಲಭವಾಗಲಿಲ್ಲ. ಅವರು ಬಂದು ನೋಡಿದರು, ತುಕ್ಕನ್ನು ಕೈಯಲ್ಲಿ ಹಿಡಿದರು.

"ಶಾಂತಕ್ಕ, ಒಂದು ಮಾತು. ಗಾಡಿ ಓಡೂದು ಒಂದೇ ದಿನ. ಭಟ್ಕಳ ಊರ ಒಳಗೆ, ನಡೆದು ಹೋಗುವಷ್ಟೇ ಸ್ಪೀಡು. ಈಗ ಕಾರ್ಪೆಟ್ ಹಾಕಿ ಮುಚ್ಚಿಬಿಡಿ. ಶಾದಿ ಮುಗೀಲಿ, ಆಮೇಲೆ ನಿಧಾನಕ್ಕೆ ಮಾಡೋಣ. ಮೋಹನಣ್ಣನ ಹೆಸರೂ ಉಳೀತದೆ."

ಅವರು ನನ್ನ ಮೇಲಿನ ಮರುಕದಿಂದಲೇ ಹಾಗೆ ಹೇಳಿದ್ದು. ನನಗೆ ಮರುಕ ಸಾಕಾಗಿತ್ತು.

"ಸಾಹೇಬ್ರೆ, ನೀವು ಗಲ್ಫಲ್ಲಿ ಗಾಡಿ ಓಡಿಸಿದವರು. ಸಿಂಗಾರ ಮಾಡಿದ ಗಾಡಿ ಮುಂದೆ ಒಂದು ದನ ಬಂದ್ರೆ ಬ್ರೇಕ್ ಹಾಕೂದಿಲ್ವ? ಅವರು ಕೂರಿಸಿದ ಬ್ರೇಕು ಗಾಡಿಯನ್ನ ನಿಲ್ಲಿಸ್ತದೆ. ಸೀಟು ನಿಲ್ಲೂದಿಲ್ಲ. ನಿಮ್ಮ ಮಗಳು ಕೂರೂದು ಸೀಟಿನ ಮೇಲೆ."

ಅವರು ಬಗ್ಗಿ ಬೋಲ್ಟು ಕಿತ್ತ ತೂತನ್ನು ಮತ್ತೊಮ್ಮೆ ನೋಡಿದರು.

"ಆ ದಿನಕ್ಕೆ ಕೆಲಸ ಮುಗಿದ್ರೆ ಗಾಡಿ ಬರ್ತದೆ. ಮುಗೀದಿದ್ರೆ ಶಾದಿ ಬೇರೆ ಗಾಡಿಯಲ್ಲಿ ಆಗ್ಲಿ. ಮುಚ್ಚಿ ಕೊಡೂದು ನನ್ನಿಂದ ಆಗೂದಿಲ್ಲ."

ಸಾಹೇಬರು ತುಕ್ಕಿನ ಪುಡಿಯನ್ನು ಕೈಯಿಂದ ಕೊಡವಿ, "ಆಯ್ತು. ನನ್ನ ಬೇಗಂಗೆ ನೀವೇ ಫೋನ್ ಮಾಡಿ ಹೇಳಿ. ನನಗೆ ಅಷ್ಟು ಧೈರ್ಯ ಇಲ್ಲ" ಎಂದರು. ಆ ವರ್ಷ ನಾನು ನಕ್ಕ ಕೆಲವೇ ಸಲಗಳಲ್ಲಿ ಅದೊಂದು.

ಕಡಿಯುವ ದಿನ ಪಾಸ್ಕು ಗ್ರೈಂಡರ್ ಜೋಡಿಸುತ್ತಿರುವಾಗ ಅಂಗಳದಲ್ಲಿ ಬೈಕಿನ ಸದ್ದಾಯಿತು. ನಾಗೇಶ. ನನ್ನನ್ನೂ ಪಾಸ್ಕುನನ್ನೂ ದಾಟಿ ನೇರ ಕಾರಿನ ಹತ್ತಿರ ಹೋದ. ಕಾರಿನೊಳಗೆ ಮಂಡಿಯೂರಿ ಬೆರಳಿನ ಗೆಣ್ಣಿನಿಂದ ನೆಲವನ್ನು ಕುಟ್ಟುತ್ತಾ ಹೋದ. ಬೋಟಿನವರು ಹೀಗೇ ನೋಡುವುದು. ಫೈಬರ್ ಮರವನ್ನು ಹಿಡಿದಿದ್ದರೆ ಸದ್ದು ಗಟ್ಟಿಯಾಗಿ ಬರುತ್ತದೆ, ಬಿಟ್ಟಿದ್ದರೆ ಖಾಲಿ ಡಬ್ಬಿಯ ಹಾಗೆ ಕೇಳುತ್ತದೆ. ಡ್ರೈವರ್ ಕಾಲಿಡುವಲ್ಲಿಂದ ಹಿಂದಿನ ಸೀಟಿನವರೆಗೆ ಕುಟ್ಟಿದ. ಮತ್ತೆ ಒಮ್ಮೆ ಮೊದಲಿನಿಂದ ಕುಟ್ಟಿದ. ಎಲ್ಲ ಕಡೆ ಡಬ್ಬಿಯ ಸದ್ದೇ. ನಾನೂ ಕೇಳಿದೆ, ಪಾಸ್ಕುನೂ ಕೇಳಿದ.

ಹೊರಗೆ ಬಂದು ಅಂಗಿ ಬಿಚ್ಚಿ ತಂತಿಯ ಮೇಲೆ ಹಾಕಿ, "ಗ್ರೈಂಡರ್ ತಾ ಇಲ್ಲಿ" ಎಂದು ಪಾಸ್ಕುನಿಗೆ ಹೇಳಿದ. "ಫೈಬರ್ ಕಡ್ಯೂದು ನಿಂಗೆ ಗೊತ್ತಿಲ್ಲ. ದೂಳು ಕಣ್ಣಿಗೆ ಹೋದ್ರೆ ಒಂದು ವಾರ ಅಳ್ತೆ. ಹಾಕಿದ್ದು ನಾನು, ನಾನೇ ತೆಗೀತೆ."

"ತೆಗಿ ಮಾರಾಯ. ನನ್ನ ಹೆಂಡ್ತಿ ನನ್ನ ಅಳಿಸೂದೇ ಸಾಕು" ಎಂದು ಪಾಸ್ಕು ಕೊಟ್ಟುಬಿಟ್ಟ.

ಬಾಯಿಗೆ ಬಟ್ಟೆ ಕಟ್ಟಿಕೊಂಡು ನಾಗೇಶ ಸಂಜೆಯವರೆಗೆ ಕಡಿದ. ನಾನು ಒದ್ದೆ ಗೋಣಿ ಹಿಡಿದು ದೂಳು ಕೂರಿಸುತ್ತಿದ್ದೆ, ತುಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಒಂದು ತುಂಡಿನ ಒಳಮೈಯಲ್ಲಿ, ರೆಸಿನ್ ಹಸಿ ಇದ್ದಾಗ ಒತ್ತಿದ ಹೆಬ್ಬೆರಳಿನ ಗುರುತು ಗಟ್ಟಿಯಾಗಿ ಉಳಿದಿತ್ತು. ಅಗಲ ಹೆಬ್ಬೆರಳು. ಅಣ್ಣ ತಮ್ಮ ಇಬ್ಬರದೂ ಒಂದೇ ನಮೂನೆಯ ಕೈ. ನಾಗೇಶ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ. ಚೀಲಕ್ಕೆ ಹಾಕಿದ. ನಾನು ಚೀಲದ ಬಾಯಿ ಕಟ್ಟಿದೆ.

ಆಮೇಲಿನದು ಪಾಸ್ಕುನ ಕೆಲಸ. ಅವನು ನೆಲದ ಅಳತೆಗೆ ರಟ್ಟು ಕತ್ತರಿಸಲು ಹೊರಟಾಗ ಅದು ಮೂಲೆಗಳಲ್ಲಿ ಸರಿ ಕೂರಲಿಲ್ಲ. ಬಗ್ಗು, ಉಬ್ಬು ಇರುವ ಮೈಗೆ ಅಳತೆ ತೆಗೆಯುವುದು ನನ್ನ ದಿನನಿತ್ಯದ ಕೆಲಸ. ದಪ್ಪ ಕಾಗದ ತುಂಡು ತುಂಡಾಗಿ ಹಾಸಿ, ಅಂಟಿಸಿ, ರವಿಕೆಗೆ ಡಾಟು ಹಿಡಿಯುವ ಹಾಗೆ ಮಡಿಕೆ ಹಿಡಿದು ಕೊಟ್ಟೆ. ಪಾಸ್ಕು ಅದನ್ನೇ ತಗಡಿನ ಮೇಲಿಟ್ಟು ಗೀಚಿ ಕತ್ತರಿಸಿದ. "ಕಾರಿಗೆ ರವಿಕೆ ಹೊಲಿದದ್ದು ನಮ್ಮ ಕಡೆ ಇದೇ ಮೊದಲು" ಎಂದು ಬಂದವರಿಗೆಲ್ಲ ಹೇಳಿದ. ತಗಡನ್ನು ಪೈಪಿನ ಮೇಲೆ ಬಡಿದು ಬಗ್ಗಿಸಿ, ಒಳ್ಳೆಯ ಕಬ್ಬಿಣ ಸಿಗುವವರೆಗೆ ಹಳೆಯದನ್ನು ಕಡಿದು, ಅಲ್ಲಿಗೆ ವೆಲ್ಡ್ ಮಾಡಿದ. ಸೀಟಿನ ಬೋಲ್ಟು ಬರುವಲ್ಲಿ ದಪ್ಪ ಪ್ಲೇಟು ಕೊಟ್ಟು ಹೊಸ ನಟ್ಟು ಕೂರಿಸಿದ. ಜೋಡಣೆಗಳಿಗೆಲ್ಲ ಸೀಲರ್ ತುಂಬಿ, ನೆಲದ ಮೇಲೆ ಕೆಳಗೆ, ಆಮೇಲೆ ಕಾರಿನ ಹೊರಮೈಗೂ ಜಿಂಕ್ ಪ್ರೈಮರ್ ಹೊಡೆದ. ಪ್ರೈಮರ್ ಎಂದರೆ ಬಣ್ಣದ ಮೊದಲು ತುಕ್ಕು ತಡೆಯಲು ಬಳಿಯುವ ಬೂದು ಲೇಪ. ನಾಗೇಶ ತದಡಿಯಿಂದ ದಿನಾ ಬರುತ್ತಿದ್ದ. ಮೊದಮೊದಲು ಬರೀ ತಗಡು ಹಿಡಿದುಕೊಳ್ಳುತ್ತಿದ್ದ, ಆಮೇಲೆ ಇಬ್ಬರೂ ಕೊಂಕಣಿಯಲ್ಲಿ ಜಗಳಾಡುವಷ್ಟು ಹತ್ತಿರವಾದರು.

ಕೊನೆಗೆ ಸೀಟು ಕೂರಿಸಿದೆ. ಮೊದಲ ಬೋಲ್ಟು ಹಾಕಿ ತಿರುಗಿಸಿದೆ. ನಾಲ್ಕು ಸುತ್ತು ಸಲೀಸಾಗಿ ಹೋಗಿ, ಹಿಡಿಯಿತು. ಇನ್ನೂ ಬಲ ಹಾಕಿದೆ. ಸ್ಪ್ಯಾನರು ನಿಂತಿತು.

ಪರೀಕ್ಷೆ ಮಾಡದೆ ಕೊಡಬಾರದು ಎಂದು ಪಾಸ್ಕು ಹಟ ಹಿಡಿದ. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಇಕ್ಬಾಲ್ ಸಾಹೇಬರು ಬಂದರು. ಎಡಗಡೆಯ ಸ್ಟೇರಿಂಗು ಹಿಡಿದು ರೂಢಿ ಇದ್ದವರು ಅವರೊಬ್ಬರೇ. ಸ್ಟಾರ್ಟರ್ ಒಂದೆರಡು ಸಲ ಮುನಿಸಿಕೊಂಡಿತು. ಆಮೇಲೆ ಇಂಜಿನ್ ಎದ್ದಿತು. ತಿಂಗಳುಗಟ್ಟಲೆ ಬಿಟ್ಟಿದ್ದರೂ ಅದರ ಸದ್ದಿನಲ್ಲಿ ಒಂದು ತೊದಲು ಇರಲಿಲ್ಲ. ನಾಗೇಶ ಬಾನೆಟ್ಟಿನ ಮೇಲೆ ಕೈ ಇಟ್ಟುಕೊಂಡು ನಿಂತ. ನಾನು ಅವನನ್ನು ಅಲ್ಲೇ ಸ್ವಲ್ಪ ಹೊತ್ತು ಬಿಟ್ಟು, ಮುಂದಿನ ಬಲಗಡೆ ಸೀಟಿನಲ್ಲಿ ಕುಳಿತು ಪಟ್ಟಿ ಬಿಗಿದುಕೊಂಡೆ. "ನೀವು ಬೇಡ ಅಕ್ಕ, ಪಾಸ್ಕು ಕೂರ್ಲಿ" ಎಂದು ಸಾಹೇಬರು ಹೇಳಿದರು. "ಸೀಟು ಹೊಲಿದವಳು ನಾನು" ಎಂದೆ.

ಹೆದ್ದಾರಿಯ ಪಕ್ಕದ ಖಾಲಿ ದಾರಿಯಲ್ಲಿ ಗಾಡಿ ವೇಗ ಹಿಡಿಯಿತು. ಆ ಇಂಜಿನ್ ಎಳೆಯುವ ಬಲಕ್ಕೆ ನನ್ನ ಬೆನ್ನು ಸೀಟಿಗೆ ಒತ್ತಿಕೊಂಡಿತು. ನಮ್ಮವರು ವರ್ಷವಿಡೀ ಮೈಮರೆತು ಯಾಕೆ ಇದರ ಹಿಂದೆ ಬಿದ್ದಿದ್ದರು ಎನ್ನುವುದು ನನಗೆ ಆಗ ಗೊತ್ತಾಯಿತು.

"ಈಗ ಹಾಕಿ" ಎಂದೆ.

ಸಾಹೇಬರು ಬ್ರೇಕು ತುಳಿದರು. ಟಯರು ಕಿರುಚಿ, ಇಡೀ ಮೈ ಮುಂದಕ್ಕೆ ಎಳೆಯಿತು, ಪಟ್ಟಿ ಸೊಂಟಕ್ಕೆ ಕಚ್ಚಿತು. ಸೀಟು ಇದ್ದಲ್ಲಿಂದ ಅಲುಗಲಿಲ್ಲ. "ಇನ್ನೊಂದು ಸಲ" ಎಂದೆ. ಮೂರನೆಯ ಸಲ ಹೇಳಿದಾಗ ಸಾಹೇಬರು, "ಶಾಂತಕ್ಕ, ಶಾದಿಗೆ ನಾನು ಜೀವಂತ ಇರ್ಬೇಕು" ಎಂದು ಬೆವರು ಒರೆಸಿಕೊಂಡರು. ಮನೆಗೆ ಬಂದು ಸ್ಪ್ಯಾನರ್ ಹಾಕಿ ನೋಡಿದೆ. ಒಂದು ಬೋಲ್ಟೂ ಸಡಿಲ ಆಗಿರಲಿಲ್ಲ.

ಬಣ್ಣಕ್ಕೆ ಸಮಯ ಉಳಿಯಲಿಲ್ಲ. ಗಾಡಿ ಬೂದು ಪ್ರೈಮರಿನಲ್ಲೇ ಭಟ್ಕಳಕ್ಕೆ ಹೋಯಿತು. ಮಾವಳ್ಳಿ ದಾಟಿ, ಶಿರಾಲಿ ದಾಟಿ, ತನ್ನ ಕಾಲ ಮೇಲೇ ಹೋಯಿತು. ನಾನು, ನಾಗೇಶ, ಪಾಸ್ಕು ಮದುವೆ ಮನೆಗೆ ಹೋದಾಗ ಅದಕ್ಕೆ ಮಲ್ಲಿಗೆಯ ಮಾಲೆ ಹಾಕಿದ್ದರು. ದುಬೈನಿಂದ ಬಂದ ನೆಂಟರ ಹುಡುಗರು ಆ ಬೂದು ಬಣ್ಣವನ್ನು ಹೊಸ ಫ್ಯಾಶನ್ ಎಂದುಕೊಂಡು ಫೋಟೊ ತೆಗೆದುಕೊಳ್ಳುತ್ತಿದ್ದರು. ಮದುಮಗಳು ಹತ್ತಿ ಕುಳಿತಳು, ಗಾಡಿ ನಿಧಾನವಾಗಿ ಹೊರಟಿತು. ನಾನು ಅವಳ ದುಪಟ್ಟಾ ನೋಡಲಿಲ್ಲ, ಸೀಟನ್ನೇ ನೋಡುತ್ತಿದ್ದೆ.

ಊಟದ ಹೊತ್ತಿಗೆ ಸಾಹೇಬರ ಚಿಕ್ಕಪ್ಪ, ವಯಸ್ಸಾದವರು, ನಮ್ಮ ಹತ್ತಿರ ಬಂದು, "ಭಾಯಿಯ ಗಾಡಿಗೆ ಜೀವ ಕೊಟ್ಟವರು ಯಾರು?" ಎಂದು ಕೇಳಿದರು.

ನಾಗೇಶ ತಕ್ಷಣ ಹೇಳಿದ: "ನಮ್ಮಣ್ಣ. ಎಲ್ಲ ನಮ್ಮಣ್ಣಂದೇ ಕೆಲಸ."

ಅವನು ಪ್ರೀತಿಯಿಂದ ಹೇಳಿದ್ದು. ಸುಮ್ಮನಿದ್ದರೂ ನಡೆಯುತ್ತಿತ್ತು. ಆದರೂ ನಾನು, "ಇಂಜಿನು, ಬ್ರೇಕು ಅವರದ್ದು. ಅವು ಇನ್ನೂ ಎಷ್ಟೋ ವರ್ಷ ಓಡ್ತವೆ. ನೆಲ ಈ ಪಾಸ್ಕು ಮಾಡಿದ್ದು. ಮೊದಲು ಮಾಡಿದ್ದು ಸರಿ ಆಗಿರ್ಲಿಲ್ಲ, ಅದನ್ನ ತೆಗೆದದ್ದು ಇವನು, ನಾಗೇಶ. ಸೀಟು ನನ್ನದು" ಎಂದೆ. ಆ ಹಿರಿಯರು ತಲೆಯಾಡಿಸಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ನಾಗೇಶ ಮೊದಲು ನನ್ನನ್ನು ಗುರಾಯಿಸಿದ. ಆಮೇಲೆ ತಟ್ಟೆಯ ಕಡೆ ನೋಡುತ್ತಾ, "ಹೌದು. ಮೊದ್ಲಿಂದು ಸರಿ ಆಗಿರ್ಲಿಲ್ಲ" ಎಂದ.

ಈಗ ನನ್ನ ಅಂಗಡಿಗೆ ಯಾವ ಗಾಡಿ ಬಂದರೂ ಹೊದಿಕೆ ಹಾಕುವ ಮೊದಲು ಸೀಟು ಬಿಚ್ಚಿ ನೆಲ ನೋಡುತ್ತೇನೆ. ಬರೀ ಕವರ್ ಹಾಕಿಸಲು ಬಂದವರಿಗೆ ಇದು ಕಿರಿಕಿರಿ, ಕೆಲವರು ಕುಮಟೆಗೆ ಹೋಗಿದ್ದಾರೆ. ಹೋಗಲಿ. ಈ ಕಸುಬು ನನಗೆ ಕಲಿಸಿದ್ದು ಅದೊಂದೇ ಅಲ್ಲ. ಹೋದವರ ಕೆಲಸದ ಮೇಲೆ ಜನ ಬೇಗ ಹೊದಿಕೆ ಹಾಕುತ್ತಾರೆ, ಅದನ್ನು ಗೌರವ ಎಂದುಕೊಳ್ಳುತ್ತಾರೆ. ನಾನು ನಮ್ಮವರ ಜೊತೆ ಬದುಕಿದ್ದು ಹಾಗಲ್ಲ. ರೆಕ್ಸಿನ್ ಹೊಲಿಗೆ ಓರೆಯಾದರೆ ಅವರು ಬಿಚ್ಚಿಸುತ್ತಿದ್ದರು, ಅವರು ನಟ್ಟು ಸಡಿಲ ಬಿಟ್ಟರೆ ನಾನು ಕೂಗುತ್ತಿದ್ದೆ. ಫೈಬರಿನ ಕೆಳಗಿನ ಆ ತುಕ್ಕನ್ನು ಅವರಿರುವಾಗ ನೋಡಿದ್ದರೆ ಜಗಳ ಮಾಡಿಯಾದರೂ ನೆಲ ತೆಗೆಸುತ್ತಿದ್ದೆ. ಅವರಿಲ್ಲದಿದ್ದಾಗಲೂ ಅದನ್ನೇ ಮಾಡಿದೆ.